ಹುಬ್ಬಳ್ಳಿ-ಧಾರವಾಡದ ಬೇಸಿಗೆ: ಕೆರೆಯೋ ಗುಡ್ಡವೋ, ಎಳನೀರೋ ಮಜ್ಜಿಗೆಯೋ?

ನೃಪತುಂಗ ಬೆಟ್ಟ ಹತ್ತಲು ಬೆಳಿಗ್ಗೆ ಹತ್ತು ಗಂಟೆ ಒಳ್ಳೆಯ ಹೊತ್ತಲ್ಲ. ಇದನ್ನು ನಾನು ಕಲಿತದ್ದು ಒಂದು ಏಪ್ರಿಲ್‌ನಲ್ಲಿ, ತಲೆ ಸುತ್ತಿ ರಸ್ತೆ ಬದಿ ಕುಳಿತಾಗ. ರಜೆಗೆ ಬಂದಿದ್ದ ಅಕ್ಕನ ಮಗನಿಗೆ ಮೇಲಿನಿಂದ ಇಡೀ ಹುಬ್ಬಳ್ಳಿ ತೋರಿಸುತ್ತೇನೆ ಎಂದು ಕರೆದುಕೊಂಡು ಹೋಗಿದ್ದೆ. ಹೊರಟಿದ್ದೇ ತಡ. ದಾರಿಯಲ್ಲಿ ಇಡ್ಲಿ, ವಡೆ, ಚಹಾ ಎಂದು ಇನ್ನರ್ಧ ಗಂಟೆ ಹೋಯಿತು. ಚೀಲದಲ್ಲಿ ನೀರು ಇರಲಿಲ್ಲ, ಬಣ್ಣದ ತಂಪು ಪಾನೀಯದ ಬಾಟಲಿ ಇತ್ತು. ಅರ್ಧ ಏರಿದ ಮೇಲೆ ಕಣ್ಣು ಕತ್ತಲೆ ಬಂತು. "ಮಾಮಾ, ಕುಂದರ್ರಿ, ಮಾರಿ ಬೆಳ್ಳಗಾಗೇತಿ" ಎಂದು ಹತ್ತು ವರ್ಷದ ಹುಡುಗ ನನ್ನ ಕೈ ಹಿಡಿದ.

ಮನೆಗೆ ಬಂದ ಮೇಲೆ ಅವ್ವನದು ಒಂದೇ ಪ್ರಶ್ನೆ: "ಸೂರ್ಯಾ ನೆತ್ತಿ ಮ್ಯಾಲೆ ಬಂದ ಮ್ಯಾಲೆ ಗುಡ್ಡಾ ಹತ್ತಾಕ ನಿನಗೇನ್ ಆಗಿತ್ತಪಾ?"

ಅಂದಿನಿಂದ ಬೇಸಿಗೆಯಲ್ಲಿ ನಾನು ಏನೇ ಆರಿಸಿದರೂ ಗಡಿಯಾರ ಮೊದಲು, ಜಾಗ ಆಮೇಲೆ. ನಮ್ಮ ಕಡೆಯ ಬಿಸಿಲಿಗೆ ಒಂದು ಮೋಸದ ಗುಣ ಇದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ ಸ್ವಲ್ಪ ಕೆಳಗೆ. ಏಪ್ರಿಲ್ ಮಧ್ಯಾಹ್ನ 37-38 ಡಿಗ್ರಿ ಮುಟ್ಟಿದರೂ ಸಂಜೆ ಪಡುವಣ ಗಾಳಿ ಬೀಸುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಹಾಗಾಗಿ ನಮ್ಮ ಬೇಸಿಗೆ ದೊಡ್ಡದೇನಲ್ಲ ಎಂದು ನಾವೇ ಅಂದುಕೊಳ್ಳುತ್ತೇವೆ. ಆದರೆ ಮಾರ್ಚ್-ಏಪ್ರಿಲ್‌ನ ಗಾಳಿ ಒಣಗಾಳಿ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಆಗಲೇ ಆರಿರುತ್ತದೆ. ಅಂಗಿ ತೊಯ್ದಿಲ್ಲ ಅಂದಮಾತ್ರಕ್ಕೆ ಮೈಯಿಂದ ನೀರು ಹೋಗಿಲ್ಲ ಅಂತಲ್ಲ. ಪೂರ್ವಕ್ಕೆ ನವಲಗುಂದ, ಗದಗ ಕಡೆ ಹೋದಷ್ಟೂ ಎರೆಭೂಮಿ, ಬಯಲು, ನೆರಳು ಕಡಿಮೆ. ಅಲ್ಲಿ ಇದೇ ಬಿಸಿಲು ಇನ್ನೂ ಚುರುಕು.

ಬೆಳಗಿನ ನಡಿಗೆಗೆ ಯಾವ ಜಾಗ?

ಐದೂವರೆಯಿಂದ ಎಂಟರೊಳಗೆ ಮುಗಿಸುತ್ತೀರಿ ಎಂದುಕೊಂಡೇ ಹೇಳುತ್ತೇನೆ.

ಉಣಕಲ್ ಕೆರೆಯ ದೊಡ್ಡ ಅನುಕೂಲ ಅಂದರೆ ಸಮತಟ್ಟಾದ ದಾರಿ ಮತ್ತು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು. ಹಳೆ ಪಿ.ಬಿ. ರಸ್ತೆಯ ಮೇಲೇ ಇರುವುದರಿಂದ ಗಾಡಿ ಇಲ್ಲದವರೂ ಹೋಗಬಹುದು. ನೀರಿನ ಮೇಲಿಂದ ಬರುವ ಗಾಳಿ ಏಳೂವರೆಯವರೆಗೆ ತಂಪಾಗಿರುತ್ತದೆ. ಮಂಡಿನೋವು ಇರುವವರಿಗೆ, ಹೊಸದಾಗಿ ನಡಿಗೆ ಶುರು ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಜಾಗ ಇದು. ಕೆರೆಯಲ್ಲಿ ಅಂತರಗಂಗೆ ಹಬ್ಬಿದಾಗ ಮಾತ್ರ ವಾಸನೆ ಮೂಗಿಗೆ ಬಡಿಯುತ್ತದೆ. ಇನ್ನೊಂದು ತೊಂದರೆ ಸಂಜೆಯದ್ದು. ಸಂಜೆ ಕೆರೆ ಸುತ್ತಿದವರು ಗಿರ್ಮಿಟ್ ಮತ್ತು ಮಿರ್ಚಿ ಭಜಿ ತಿನ್ನದೆ ಮನೆಗೆ ಹೋಗುವುದು ಕಷ್ಟ. ನಾನಂತೂ ಹೋಗಿಲ್ಲ.

ನೃಪತುಂಗ ಬೆಟ್ಟ ಏರು ದಾರಿ. ಅರ್ಧ ಗಂಟೆಯಲ್ಲಿ ಮೈಗೆ ಸಿಗುವ ಕೆಲಸ ಕೆರೆಯ ಒಂದು ಗಂಟೆಗೆ ಸಮ ಅನ್ನಿಸುತ್ತದೆ. ಹೊತ್ತು ಕಡಿಮೆ ಇರುವವರಿಗೆ, ಹರೆಯದವರಿಗೆ ಇದು ಸರಿ. ಆದರೆ ಆರು ಗಂಟೆಗೆ ಬುಡದಲ್ಲಿರಬೇಕು. ಏಳರ ನಂತರ ಹೊರಡುವುದಾದರೆ ಅವತ್ತು ಉಣಕಲ್‌ಗೇ ಹೋಗಿ.

ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಇದೆ. ಹುಬ್ಬಳ್ಳಿಯವನಾದ ನನಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ, ಆದರೂ ಅವಳಿ ನಗರದಲ್ಲಿ ಬೇಸಿಗೆ ನಡಿಗೆಗೆ ಇದೇ ಮೊದಲು. ಗುಡ್ಡದ ಮೇಲಿನ ಜಾಗ, ದೊಡ್ಡ ದೊಡ್ಡ ಮರ, ಏರೂ ಉಂಟು, ಇಳಿಜಾರೂ ಉಂಟು. ಮರದ ನೆರಳಿನಿಂದಾಗಿ ಇಲ್ಲಿ ನಿಮಗೆ ಇನ್ನೊಂದು ಅರ್ಧ ಗಂಟೆ ಜಾಸ್ತಿ ಸಿಗುತ್ತದೆ.

ಸಾಧನಕೇರಿ ವ್ಯಾಯಾಮಕ್ಕಿಂತ ವಿಹಾರಕ್ಕೆ ಒಳ್ಳೆಯದು. ಸಣ್ಣ ಕೆರೆ, ಉದ್ಯಾನ, ಪಕ್ಕದಲ್ಲೇ ಬೇಂದ್ರೆಯವರ ಮನೆ. ಅಜ್ಜ-ಮೊಮ್ಮಕ್ಕಳು ಜೊತೆಯಾಗಿ ಹೋಗಲು ಇದಕ್ಕಿಂತ ಬೇರೆ ಜಾಗ ಬೇಡ.

ಸೈಕಲ್ ಬಗ್ಗೆ ಎರಡೇ ಮಾತು. ತುಳಿಯುವಾಗ ಗಾಳಿ ಮುಖಕ್ಕೆ ಹೊಡೆಯುವುದರಿಂದ ಬಿಸಿಲು ತಟ್ಟುವುದಿಲ್ಲ, ಇಳಿದು ನಿಂತ ಕ್ಷಣ ತಟ್ಟುತ್ತದೆ. ಎರಡು ಬಾಟಲಿ ನೀರು ಇಲ್ಲದೆ ಹೊರಡಬೇಡಿ.

ಕುಡಿಯುವುದೇನು?

ಬೇಸಿಗೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ರಸ್ತೆ ಬದಿ ನಿಂತಾಗ ಎದುರಿಗೆ ಎಳನೀರಿನ ಗಾಡಿ, ಕಬ್ಬಿನ ಗಾಣ, ಲಿಂಬು ಸೋಡಾ, ಫ್ರಿಜ್ಜಿನೊಳಗಿನ ಬಾಟಲಿ ನಾಲ್ಕೂ ಕಾಣುತ್ತವೆ. ನಾಲ್ಕೂ ತಂಪು. ಆದರೆ ಮಾಡುವ ಕೆಲಸ ಬೇರೆ ಬೇರೆ.

ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಅಂದರೆ ಉಪ್ಪಿನಂಶ ಕಡಿಮೆ. ಸುಮ್ಮನೆ ಬಾಯಾರಿದಾಗ ಒಳ್ಳೆಯದೇ. ಆದರೆ ಒಂದು ಗಂಟೆ ಬೆವರು ಸುರಿಸಿದ ಮೇಲೆ ಮೈ ಕಳೆದುಕೊಂಡದ್ದು ಮುಖ್ಯವಾಗಿ ನೀರು ಮತ್ತು ಉಪ್ಪು. ಆಗ ಎಳನೀರು ಅರ್ಧ ಕೆಲಸ ಮಾತ್ರ ಮಾಡುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ದಿನಾ ಕುಡಿಯಬಾರದು. ಅದೇ ಪೊಟ್ಯಾಸಿಯಂ ಅವರಿಗೆ ಅಪಾಯ. ಬೆಲೆಯನ್ನಂತೂ ಕೇಳಲೇಬೇಡಿ. ನಾಲ್ಕು ಜನರ ಮನೆಯಲ್ಲಿ ದಿನಾ ತರುವ ವಸ್ತುವಾಗಿ ಅದು ಉಳಿದಿಲ್ಲ.

ಕಬ್ಬಿನ ಹಾಲು ಕುಡಿದರೆ ತಕ್ಷಣ ಜೀವ ಬಂದ ಹಾಗಾಗುತ್ತದೆ. ಯಾಕೆಂದರೆ ಒಂದು ದೊಡ್ಡ ಗ್ಲಾಸಿನಲ್ಲಿ ಆರೇಳು ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ಬಾಟಲಿಯ ಕೋಲಾದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಬ್ಬು ನೈಸರ್ಗಿಕ ಅಲ್ವಾ ಎಂದು ಸಕ್ಕರೆ ಕಾಯಿಲೆಯವರು ಸಮಾಧಾನ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ರಕ್ತಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ಮಂಜುಗಡ್ಡೆ. ಗಾಣದ ಪಕ್ಕ ಗೋಣಿಚೀಲದಲ್ಲಿ ಸುತ್ತಿಟ್ಟು ಸುತ್ತಿಗೆಯಿಂದ ಒಡೆಯುವ ಗಡ್ಡೆ ಯಾವ ನೀರಿನದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಬ್ಬಿನ ಹಾಲು ಕುಡಿಯಲೇಬೇಕು ಅನ್ನಿಸಿದರೆ "ಬರ್ಫ್ ಬ್ಯಾಡ್ರಿ, ಲಿಂಬಿಹಣ್ಣು, ಹಸಿಶುಂಠಿ ಹಾಕಿ ಹಿಂಡ್ರಿ" ಎಂದು ಹೇಳಿ.

ನನ್ನ ಮತ ಮಜ್ಜಿಗೆಗೆ. ನೀರು, ಉಪ್ಪು, ಸ್ವಲ್ಪ ಪೊಟ್ಯಾಸಿಯಂ ಮೂರೂ ಇದೆ, ಸಕ್ಕರೆ ಹಾಕಬೇಕಾಗಿಲ್ಲ, ಮನೆಯಲ್ಲೇ ಆಗುತ್ತದೆ. ಒಂದೇ ಷರತ್ತು: ತೆಳ್ಳಗಿರಬೇಕು. ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು. ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಕರಿಬೇವು ಜಜ್ಜಿ ಹಾಕಿ. ಬಿಪಿ ಇರುವವರು ಉಪ್ಪು ಕಡಿಮೆ ಮಾಡಿಕೊಳ್ಳಿ. ಕಡಗೋಲಿನಿಂದ ಕಡೆದ ಮಜ್ಜಿಗೆಗೂ ಮಿಕ್ಸರಿನ ಮಜ್ಜಿಗೆಗೂ ರುಚಿ ಬೇರೆ ಎಂದು ಅವ್ವ ಇವತ್ತಿಗೂ ವಾದ ಮಾಡುತ್ತಾಳೆ. ನನಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಅವಳೆದುರು ಹಾಗೆ ಹೇಳುವುದಿಲ್ಲ.

ವಾಂತಿ-ಭೇದಿ ಆದಾಗ ಮಾತ್ರ ಮಜ್ಜಿಗೆ, ಎಳನೀರು ಎಲ್ಲ ಪಕ್ಕಕ್ಕೆ. ಆಗ ಬೇಕಾದದ್ದು ಓಆರ್‌ಎಸ್. ಔಷಧಿ ಅಂಗಡಿಯ ಒಂದು ಲೀಟರ್ ಪ್ಯಾಕೆಟ್ ತಂದರೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಅರ್ಧ ಪ್ಯಾಕೆಟ್ಟು, ಒಂದು ಲೋಟ ನೀರು ಎಂಬ ಲೆಕ್ಕ ತಪ್ಪು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಣ್ಣಿನ ರುಚಿಯ ಡಬ್ಬಿ ಪಾನೀಯ ಈ ಕೆಲಸಕ್ಕೆ ಬರುವುದಿಲ್ಲ.

ನೀರು ತಂಪಾಗಲು ಹರವಿಯೋ ಫ್ರಿಜ್ಜೋ? ಮಾರ್ಚ್, ಏಪ್ರಿಲ್‌ನಲ್ಲಿ ಹರವಿ. ಮಣ್ಣಿನ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಒಳಗೆ ತಂಪು. ಮೇ ಕೊನೆಗೆ ಮೋಡ ಕವಿದು ಸೆಖೆ ಶುರುವಾದ ಮೇಲೆ ಅದೇ ಹರವಿ ಅಷ್ಟು ತಣ್ಣಗಾಗುವುದಿಲ್ಲ, ಮಡಕೆಯ ತಪ್ಪಲ್ಲ. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲವಲ್ಲ, ಹಿಡಿದಿಟ್ಟ ನೀರನ್ನು ಕುದಿಸಿ ಇಲ್ಲವೇ ಶುದ್ಧ ಮಾಡಿಯೇ ಹರವಿಗೆ ಸುರಿಯಿರಿ. ಎರಡು ದಿನಕ್ಕೊಮ್ಮೆ ಒಳಗೆ ಕೈ ಹಾಕಿ ತಿಕ್ಕಿ ತೊಳೆಯಿರಿ.

ಮಧ್ಯಾಹ್ನದ ಊಟ: ರೊಟ್ಟಿಯೋ ನುಚ್ಚೋ?

ರೊಟ್ಟಿ ಬಿಡಿ ಎಂದು ನಾನು ಹೇಳಿದರೆ ಈ ಊರಿನಲ್ಲಿ ಇರುವುದು ಕಷ್ಟ. ಹೇಳುವುದೂ ಇಲ್ಲ. ಜೋಳದ ರೊಟ್ಟಿ ಬೇಸಿಗೆಗೂ ಸರಿಯೇ. ಜೊತೆಗಿನ ಎಣ್ಣೆಗಾಯಿ ಮಾತ್ರ ಬಿಸಿಲಿಗೆ ಭಾರ. ಅದರ ಬದಲು ಸೌತೆಕಾಯಿ ಪಚಡಿ, ಹೆಸರುಬೇಳೆ ಕೋಸಂಬರಿ, ಪುಂಡಿಪಲ್ಯ, ಕಿರಕಸಾಲಿ ಸೊಪ್ಪು, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಸೌತೆಕಾಯಿಯ ತೂಕದಲ್ಲಿ ಶೇ. 95ರಷ್ಟು ನೀರೇ. ಅದನ್ನು ತಿಂದರೂ ಸರಿ, ಕುಡಿದರೂ ಸರಿ ಅಂದ ಹಾಗಾಯಿತು.

ಆದರೆ ಬಿಸಿಲಲ್ಲಿ ಓಡಾಡಿ ಬಂದ ದಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆ ದಿನಕ್ಕೆ ನುಚ್ಚು ಮಜ್ಜಿಗೆ. ನಮ್ಮ ಮನೆಯಲ್ಲಿ ಅವ್ವ ಜೋಳದ ನುಚ್ಚನ್ನು ಹಿಂದಿನ ರಾತ್ರಿಯೇ ನೆನೆಸುತ್ತಾಳೆ. ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹಾಕಿ ಕುದಿಸುತ್ತಾಳೆ. ಕಾಳು ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು. ಆಮೇಲೆ ಅಗಲ ಪಾತ್ರೆಗೆ ಸುರಿದು ಆರಲು ಬಿಡುತ್ತಾಳೆ. ಮೇಲೆ ಕೆನೆಗಟ್ಟಿದ ಹಾಗೆ ತೆಳ್ಳಗಿನ ಪದರ ಬರುತ್ತದೆ. ಹನ್ನೆರಡು ಗಂಟೆಗೆ ಅದನ್ನು ಕೈಯಿಂದ ಒಡೆದು ಮಜ್ಜಿಗೆ ಸುರಿದು, ಬಳ್ಳೊಳ್ಳಿ ನಾಲ್ಕು ಎಸಳು ಜಜ್ಜಿ ಹಾಕುತ್ತಾಳೆ. ಬದಿಗೆ ಶೇಂಗಾ ಚಟ್ನಿಪುಡಿ. ಬಟ್ಟಲಿನಿಂದ ಉಣ್ಣುವುದೋ ಕುಡಿಯುವುದೋ ಎಂದು ಕೇಳಬೇಡಿ, ಎರಡೂ. ನೀರು, ಉಪ್ಪು, ಕಾಳು ಮೂರೂ ಒಂದೇ ಬಟ್ಟಲಲ್ಲಿ ಆಗುತ್ತದೆ. ಅನ್ನ-ಸಾರು ಉಂಡಾಗಿನ ಹಾಗೆ ಮೂರು ಗಂಟೆಗೆ ತೂಕಡಿಕೆಯೂ ಬರುವುದಿಲ್ಲ.

ಯಾವ ಮಾವು?

ಧಾರವಾಡದ ಮಾವು ಅಂದರೆ ಆಪೂಸು. ಏಪ್ರಿಲ್‌ನಿಂದ ಶುರು, ಮೇ ತಿಂಗಳಲ್ಲಿ ಭರಾಟೆ, ತೋಟಗಾರಿಕೆ ಇಲಾಖೆಯ ಮಾವು ಮೇಳವೂ ಆಗುತ್ತದೆ. ಮೇಳದಲ್ಲಿ ಬೆಳೆಗಾರನ ಕೈಯಿಂದಲೇ ಕೊಳ್ಳಬಹುದು, ಮಂಗಳವಾರದ ಸಂತೆಯಲ್ಲಿ ಚೌಕಾಸಿ ಮಾಡಬಹುದು. ಎರಡೂ ಬೇಕು ಅನ್ನುವವನು ನಾನು.

ಕತ್ತರಿಸಿ ತಿನ್ನಲು ಆಪೂಸು. ಮನೆತುಂಬ ಮಕ್ಕಳಿದ್ದರೆ ಬೆನೇಶಾನ್: ಹಣ್ಣು ದೊಡ್ಡದು, ದರ ಕಡಿಮೆ. ಸೀಕರಣೆಗೆ ಮಾತ್ರ ಜವಾರಿ ಹಣ್ಣೇ ಆಗಬೇಕು. ನಾರು ಇರುತ್ತದೆ, ಗಾತ್ರ ಸಣ್ಣದು, ನೋಡಲು ಚೆಂದ ಇಲ್ಲ. ಆದರೆ ಹಿಸುಕಿದಾಗ ಬರುವ ರಸ ಬೇರೆಯೇ. ಅದಕ್ಕೆ ಸಕ್ಕರೆ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬೇಕಾದರೆ ಚೂರು ಬೆಲ್ಲ, ಏಲಕ್ಕಿ.

ಹಣ್ಣಾದದ್ದು ಹೇಗೆ ಎಂಬುದು ತಳಿಗಿಂತ ದೊಡ್ಡ ಪ್ರಶ್ನೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಎಥಿಲಿನ್ ಅನಿಲವನ್ನು 100 ಪಿಪಿಎಂವರೆಗೆ (ಹತ್ತು ಲಕ್ಷ ಭಾಗ ಗಾಳಿಗೆ ನೂರು ಭಾಗ) ಬಳಸಲು ಒಪ್ಪಿಗೆ ಇದೆ, ಅದು ಹಣ್ಣು ತಾನೇ ಬಿಡುವ ಅನಿಲವೇ. ಸಂತೆಯಲ್ಲಿ ನಾವು ಮಾಡಬಹುದಾದದ್ದು ಇಷ್ಟು: ತೊಟ್ಟಿನ ಬಳಿ ಮೂಗಿಟ್ಟು ನೋಡಿ. ಘಮ ಇಲ್ಲದೆ ಸುತ್ತಲೂ ಒಂದೇ ಸಮ ಹಳದಿ ಇದ್ದರೆ ಮುಂದೆ ನಡೆಯಿರಿ. ತೊಟ್ಟು ಒಳಗೆ ಇಳಿದು, ಹೆಗಲು ಎರಡೂ ಕಡೆ ಎದ್ದಿದ್ದರೆ ಮರದಲ್ಲಿ ಚೆನ್ನಾಗಿ ಬಲಿತ ಕಾಯಿ. ಕಳೆದ ವರ್ಷ ಸಂತೆಯಲ್ಲಿ ಒಬ್ಬ ಅಜ್ಜಿಯನ್ನು "ಔಷಧಿ ಹಾಕಿಲ್ಲೇನ್ ಯವ್ವಾ?" ಎಂದು ಕೇಳಿದೆ. "ಅಷ್ಟ್ ಸಂಶೆ ಇದ್ರ ಕಾಯಿನ ಒಯ್ಯಪಾ, ಮನ್ಯಾಗ ಅಡಿ ಹಾಕು" ಎಂದಳು. ಅಂದಿನಿಂದ ಬಲಿತ ಕಾಯಿಯನ್ನೇ ತರುತ್ತೇನೆ. ಒಣ ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೆ ಹುಲ್ಲು ಮುಚ್ಚಿದರೆ ಒಂದು ವಾರದೊಳಗೆ ಕೋಣೆಯೆಲ್ಲ ಘಮ. ಅಗ್ಗವೂ ಆಯಿತು, ಅನುಮಾನವೂ ಹೋಯಿತು.

ಕಲ್ಲಂಗಡಿ ಬಾಯಾರಿಕೆಗೆ ಮಾವಿಗಿಂತ ಮೇಲು, ಶೇ. 92ರಷ್ಟು ನೀರು. ಕೆಳಭಾಗದಲ್ಲಿ ನೆಲಕ್ಕೆ ತಾಗಿದ ಕಲೆ ಬಿಳಿಯಾಗಿದ್ದರೆ ಕಾಯಿ, ಬೆಣ್ಣೆಯ ಹಳದಿ ಇದ್ದರೆ ಹಣ್ಣು. ಹೆಚ್ಚಿಟ್ಟ ಹೋಳು ಕೊಳ್ಳಬೇಡಿ. ಮೇ ತಿಂಗಳಲ್ಲಿ ಕಾಡಂಚಿನ ಹಳ್ಳಿಗಳಿಂದ ಬುಟ್ಟಿಯಲ್ಲಿ ಕವಳಿಹಣ್ಣು ಬರುತ್ತದೆ. ಅದಕ್ಕೆ ಹೋಲಿಕೆ ಗೀಲಿಕೆ ಏನೂ ಇಲ್ಲ, ಕಂಡರೆ ಕೊಂಡುಬಿಡಿ.

ಮಕ್ಕಳಿಗೆ: ಶಿಬಿರವೋ ಅಜ್ಜಿ ಊರೋ?

ಅಜ್ಜಿ ಊರು ಇದ್ದವರು ಪುಣ್ಯವಂತರು, ಕಳಿಸಿಬಿಡಿ. ಇಲ್ಲದವರು ಶಿಬಿರ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳು ಎಲ್ಲಿರುತ್ತಾರೆ? ಮೈದಾನದಲ್ಲಿ ಅಂದರೆ ಬೇಡ. ಲಗೋರಿ, ಬುಗುರಿ ಸಂಜೆ ಐದರ ನಂತರ. ಮಧ್ಯಾಹ್ನಕ್ಕೆ ಚೌಕಾಬಾರಾ ಇದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆಬೀಜದ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿಕೊಂಡರೆ ದಾಳ ತಯಾರು. ಅಕ್ಕನ ಮಗ ಮೊಬೈಲ್ ಕೆಳಗಿಟ್ಟು ಬೀಜ ಉಜ್ಜುತ್ತ ಒಂದು ತಾಸು ಕೂತಿದ್ದ.

ಈಜು ಕಲಿಸಲು ಕೊಳವೋ ಬಾವಿಯೋ? ನಮ್ಮ ಅಪ್ಪನ ಕಾಲದವರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲೇ ಕಲಿತರು. ಕಲಿಸುವ ದೊಡ್ಡವರು ಜೊತೆಗೆ ನೀರಿಗೆ ಇಳಿಯುವುದಾದರೆ ಈಗಲೂ ಆಗಬಹುದು. ಇಲ್ಲದಿದ್ದರೆ ತರಬೇತುದಾರ ಇರುವ ಕೊಳವೇ ಸರಿ. ಎರಡಕ್ಕೂ ಸೇರದ ಮೂರನೆಯದು ಕೃಷಿ ಹೊಂಡ, ಅಲ್ಲಿಗೆ ಮಾತ್ರ ಖಂಡಿತ ಬೇಡ. ಹೊಲಗಳಲ್ಲಿ ತೋಡಿದ ಈ ಹೊಂಡಗಳ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ತೊಯ್ದ ಹಾಳೆ ಜಾರುತ್ತದೆ, ಹಿಡಿದು ಮೇಲೆ ಬರಲು ಏನೂ ಇರುವುದಿಲ್ಲ. ಈಜು ಬಲ್ಲವರೂ ಹತ್ತಲಾರರು. ಹಳ್ಳಿಗೆ ಕಳಿಸುವ ಮೊದಲು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಆಟದ ನಡುವೆ ಮಗು ಬೆವರುವುದು ನಿಂತು, ಮೈ ಸುಡುತ್ತಿದ್ದು, ಮಾತು ತೊದಲಿದರೆ ಅದು ಬಿಸಿಲು ಹೊಡೆತ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಒಂದು ಭಾನುವಾರ ಸಿಕ್ಕರೆ

ಗದಗ ಜಿಲ್ಲೆಯ ಕಪ್ಪತಗುಡ್ಡ ಬೇಸಿಗೆಗೆ ಅಲ್ಲ. 2019ರಲ್ಲಿ ವನ್ಯಜೀವಿ ಧಾಮವಾದ ಈ ಗುಡ್ಡಸಾಲು ಮಳೆಗಾಲದಲ್ಲಿ ಹಸಿರು. ಏಪ್ರಿಲ್‌ನಲ್ಲಿ ಒಣಹುಲ್ಲು, ನೆರಳಿಲ್ಲ, ಬೆಂಕಿಯ ಭಯ. ಮಾಗಡಿ ಕೆರೆಯೂ ಈಗ ಬೇಡ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಕೆರೆ ನಿಜ, ಆದರೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದ ಅತಿಥಿಗಳು.

ಉಳಿದದ್ದು ಎರಡು. ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯಲ್ಲಿ ನವಿಲುಧಾಮ ಇದೆ, ಒಳಗೇ ಅರವತ್ತು ಕಂಬದ ಗುಡಿಯೂ ಇದೆ. ನವಿಲು ಕಾಣಬೇಕಾದರೆ ಬೆಳಕು ಹರಿಯುವಾಗ ಅಲ್ಲಿರಬೇಕು. ಹೊತ್ತೇರಿದ ಮೇಲೆ ಅವು ಪೊದೆ ಸೇರುತ್ತವೆ, ನಿಮಗಿಂತ ಜಾಣ.

ಲಕ್ಕುಂಡಿಗೆ ಹೋಗುವವರು ಗದಗ ದಾಟಿ ಹನ್ನೆರಡು ಕಿಲೋಮೀಟರ್ ಮುಂದೆ ಹೋಗಬೇಕು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಎಂಬ ಜೈನ ಬಸದಿ, ಜೊತೆಗೆ ಕಾಶಿವಿಶ್ವೇಶ್ವರ ಗುಡಿ, ಮೆಟ್ಟಿಲಿರುವ ಮುಸುಕಿನ ಬಾವಿ ಮೂರೂ ನಡೆದೇ ನೋಡುವಷ್ಟು ಹತ್ತಿರ. ಗುಡಿಯೊಳಗಿನ ಕಲ್ಲು ತಂಪು, ಅಂಗಳದ ಕಲ್ಲು ಹನ್ನೊಂದರ ನಂತರ ಬರಿಗಾಲಿಗೆ ಹೆಂಚು. ಮಕ್ಕಳಿಗೆ ಬಂಕಾಪುರ, ದೊಡ್ಡವರಿಗೆ ಲಕ್ಕುಂಡಿ ಅನ್ನುವುದು ನನ್ನ ಲೆಕ್ಕ. ಎರಡಕ್ಕೂ ಹುಬ್ಬಳ್ಳಿಯನ್ನು ನಸುಕಿನಲ್ಲೇ ಬಿಡಬೇಕು, ಊಟಕ್ಕೆ ಮನೆಗೆ ಮರಳಬೇಕು.

ಮೇ ತಿಂಗಳಲ್ಲಾದರೆ ಸಂಜೆಯ ಅಡ್ಡಮಳೆಯ ಲೆಕ್ಕವನ್ನೂ ಹಿಡಿಯಿರಿ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲಬೇಡಿ, ಕಾರಿನೊಳಗೋ ಕಟ್ಟಡದೊಳಗೋ ಸೇರಿಕೊಳ್ಳಿ. ಮರುದಿನ ಸಂತೆಗೆ ಹೋಗಿ. ಗಾಳಿಗೆ ಉದುರಿದ ಮಾವಿನಕಾಯಿ ಗುಡ್ಡೆ ಹಾಕಿ ಅಗ್ಗಕ್ಕೆ ಮಾರುತ್ತಿರುತ್ತಾರೆ. ಅದನ್ನು ಅಡಿ ಹಾಕಬೇಡಿ, ಪೆಟ್ಟು ಬಿದ್ದ ಕಾಯಿ ಕೊಳೆಯುತ್ತದೆ. ಬೆಲ್ಲ ಹಾಕಿ ಕುದಿಸುವ ಗುಳಂಬಕ್ಕೆ ಸರಿಯಾಗುತ್ತದೆ. ಒಂದು ಸೇರು ಬೆಲ್ಲ ಜಾಸ್ತಿಯೇ ತನ್ನಿ.